ಫರ್ಡಿನೆಂಡ್ ಗೂಳಿ: ಪುಟದಿಂದ ಪರದೆಗೆ

ಮಕ್ಕಳ ಚಿತ್ರಪುಸ್ತಕವೊಂದನ್ನು ಚಲಚ್ಚಿತ್ರವಾಗಿ ಮಾರ್ಪಡಿಸುವುದು ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ಕಥೆಯೂ ಸಿದ್ಧವಾಗಿದೆ, ಚಿತ್ರಗಳೂ ಸಿದ್ಧವಾಗಿವೆ. ಅವಕ್ಕೆ ಚಲನೆಯನ್ನು ಕೊಟ್ಟರೆ ಸಾಕಲ್ಲವೆ? ಆದರೆ ಆ ಚಲನೆಯೇ ಕಥೆಯ ಪ್ರಾಣಕ್ಕೆ ಮುಳುವಾಗುವಂತಿದ್ದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ವಿಚಾರಿಸೋಣ.

1936ರಲ್ಲಿ ಅಮೆರಿಕದಲ್ಲಿ ‘ಫರ್ಡಿನೆಂಡನ ಕಥೆ’ ಎಂಬ ಪುಟ್ಟ ಪುಸ್ತಕವು ಪ್ರಕಟವಾಯಿತು. ಮಾತು ಮನ್ರೋ ಲೀಫರದು, ಚಿತ್ರ ರಾಬರ್ಟ್ ಲಾಸನ್ನರದು. ಸ್ಪೇನ್ ದೇಶದ ಫರ್ಡಿನೆಂಡನೆಂಬ ಗೂಳಿಗೆ ಕಾದಾಟ ಬೇಡ. ಮರದ ನೆರಳಿನಲ್ಲಿ ಕುಳಿತು ಹೂಗಳನ್ನು ಮೂಸುವುದೇ ಅವನಿಗೆ ಪರಮಸುಖ. ಒಂದು ದಿನ ಅವನು ದುಂಬಿಯ ಮೇಲೆ ಕುಳಿತು, ಕಡಿತದ ಉರಿಗೆ ಹುಚ್ಚೆದ್ದು ನೆಗೆಯುತ್ತಾನೆ. ಗೂಳಿಯನ್ನು ಆರಿಸಲು ಬಂದಿದ್ದ ಐವರು ಇವನೇ ಮಹಾಶೂರನೆಂದು ಬಗೆದು ಮಾಡ್ರಿಡ್ ನಗರದ ಕಣಕ್ಕೆ ಕೊಂಡೊಯ್ಯುತ್ತಾರೆ. ಅಲ್ಲಿಯೂ ಅವನು ಹೂವಿನ ಕಂಪಿಗೆ ಮರುಳಾಗಿ ಸುಮ್ಮನೆ ಕುಳಿತುಬಿಡುತ್ತಾನೆ. ಕಥೆ ಇಷ್ಟೆ.

ಅದೇ ವರ್ಷ ಜುಲೈ ತಿಂಗಳಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತ್ತು. ಆದಕಾರಣ ಕೆಲವರು ಈ ಕಥೆಯನ್ನು ಶಾಂತಿವಾದದ ಪ್ರಚಾರವೆಂದರು. ಕೆಲವರು ಇದರಲ್ಲಿ ಇನ್ನಾವುದೋ ರಾಜಕೀಯ ಮತವನ್ನು ಕಂಡರು. ಮಕ್ಕಳಾದರೋ ನಕ್ಕರು.

ಆ ನಗೆಯ ನೆಲೆ ಯಾವುದು? ಲಾಸನ್ನರು ಪುಸ್ತಕದಲ್ಲಿ ಬಣ್ಣವನ್ನು ಬಳಸಿಲ್ಲ, ಕಪ್ಪು ಮಸಿಯ ಗೆರೆಗಳಷ್ಟೆ. ಕಾರ್ಕ್ ಮರದ ತೊಗಟೆಯಿಂದ ಸೀಸೆಯ ಬಿರಡೆಗಳನ್ನು ಮಾಡುವರಷ್ಟೆ. ಅವರು ಆ ಬಿರಡೆಗಳನ್ನೇ ಕಾಯಿಗೊಂಚಲಿನಂತೆ ಮರಕ್ಕೆ ತೂಗಬಿಟ್ಟಿದ್ದಾರೆ. ಮಗುವು ಪುಟವನ್ನು ತಿರುವದೆ ಬೇಕಾದಷ್ಟು ಹೊತ್ತು ನೋಡಿದರೆ ಈ ಹಾಸ್ಯವು ತಾನಾಗಿಯೇ ಹೊಳೆಯುತ್ತದೆ. ಇಲ್ಲಿನ ವಿನೋದಕ್ಕೆ ನಿಧಾನವೇ ಆಧಾರ, ನಾಯಕನ ಗುಣವೂ ನಿಶ್ಚಲತೆಯೇ.

1938ರಲ್ಲಿ ವಾಲ್ಟ್ ಡಿಸ್ನಿಯವರ ಚಿತ್ರಶಾಲೆಯು ಇದನ್ನು ಸುಮಾರು 8 ನಿಮಿಷಗಳ ವರ್ಣಚಿತ್ರವಾಗಿ ಮಾಡಿತು. ನಿರ್ದೇಶಕರು ಡಿಕ್ ರಿಕಾರ್ಡ್. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಹಾಯಬೇಕು. ಎಂದರೆ ಇಡೀ ಚಿತ್ರಕ್ಕೆ ಸುಮಾರು 11,500. ಕದಲದ ಗೂಳಿಯನ್ನು ಇಷ್ಟು ಚೌಕಟ್ಟುಗಳಲ್ಲಿ ತೋರಿಸಿ ನಗಿಸುವುದು ಹೇಗೆ?

ಅವರು ಕಂಡುಕೊಂಡ ಉಪಾಯವು ಸರಳವಾದುದು. ಗೂಳಿಯನ್ನು ಅದರ ಪಾಡಿಗೆ ಬಿಟ್ಟು, ಚಲನೆಯನ್ನೆಲ್ಲ ಸುತ್ತಲಿನ ಮನುಷ್ಯರಿಗೆ ಹಂಚಿಕೊಟ್ಟರು. ಕಣದೊಳಕ್ಕೆ ಬರುವ ವೀರರ ಮೆರವಣಿಗೆಯಲ್ಲಿ ಚಿತ್ರಶಾಲೆಯ ಕಲಾವಿದರು ತಮ್ಮವರ ಮುಖಗಳನ್ನೇ ವ್ಯಂಗ್ಯವಾಗಿ ಬರೆದರು. ಮತಾಡೋರನು ಸ್ವತಃ ಡಿಸ್ನಿಯವರ ವ್ಯಂಗ್ಯರೂಪ. ಪುಸ್ತಕದಲ್ಲಿ ಹೂಗಳು ಪ್ರೇಕ್ಷಕ ಸ್ತ್ರೀಯರ ಮುಡಿಯಲ್ಲಿದ್ದುವು. ಚಿತ್ರದಲ್ಲಿ ಹೂಗೊಂಚಲು ಕಣದೊಳಕ್ಕೇ ಬೀಳುತ್ತದೆ. ಗೂಳಿ ಅದನ್ನು ಮೂಸುತ್ತ ಕುಳಿತರೆ, ಮತಾಡೋರನು ಅಂಗಲಾಚುತ್ತಾನೆ, ಮುಖ ಸೊಟ್ಟಗೆ ಮಾಡುತ್ತಾನೆ, ಕೊನೆಗೆ ಅಂಗಿ ಹರಿದು ಎದೆಯೊಡ್ಡುತ್ತಾನೆ. ಆ ಎದೆಯ ಮೇಲೂ ಹೂವಿನ ಹಚ್ಚೆ! ಗೂಳಿ ಅದನ್ನು ಮೆಲ್ಲನೆ ನೆಕ್ಕುತ್ತದೆ. ಇದು ಪುಸ್ತಕದಲ್ಲಿಲ್ಲ, ಆದರೂ ಪುಸ್ತಕಕ್ಕೆ ದ್ರೋಹವಲ್ಲ. ಮನುಷ್ಯನ ಆರ್ಭಟವು ಹೆಚ್ಚಿದಷ್ಟೂ ಗೂಳಿಯ ಶಾಂತಿಯು ಎದ್ದು ಕಾಣುತ್ತದೆ. ಪುಸ್ತಕದ ನಿಧಾನವಾದ ಮಾತನ್ನು ಕಥೆ ಹೇಳುವ ಧ್ವನಿಯು ಉಳಿಸಿಕೊಂಡಿದೆ. ಈ ಚಿತ್ರಕ್ಕೆ ಆ ವರ್ಷದ ಕಿರು ವ್ಯಂಗ್ಯಚಿತ್ರಗಳ ಅಕ್ಯಾಡೆಮಿ ಪಾರಿತೋಷಕವು ದೊರೆಯಿತು.

ನಷ್ಟವೂ ಇಲ್ಲದಿಲ್ಲ. ಪರದೆಯ ಮುಂದೆ ಕುಳಿತ ಮಗುವು ತನಗೆ ಬೇಕಾದಲ್ಲಿ ನಿಲ್ಲಲಾರದು. ಕಾಲವು ನಿರ್ದೇಶಕನ ವಶ. 2017ರಲ್ಲಿ ಇದೇ ಕಥೆಯು ಒಂದೂವರೆ ಗಂಟೆಗೂ ಮೀರಿದ ಚಿತ್ರವಾದಾಗ, ಹೊಸ ಗೆಳೆಯರನ್ನೂ ನಗರದ ಬೀದಿಗಳಲ್ಲಿ ಬೆನ್ನಟ್ಟುವ ಓಟವನ್ನೂ ಸೇರಿಸಬೇಕಾಯಿತು. ಕುಳಿತಿರಲು ಬಯಸಿದವನು ಓಡಬೇಕಾಯಿತು.

ಆದುದರಿಂದ ಪುಸ್ತಕವನ್ನು ಪರದೆಗೆ ತರುವವರು ಮೊದಲು ಕೇಳಿಕೊಳ್ಳಬೇಕಾದುದು, ಏನನ್ನು ಕುಣಿಸಬಹುದೆಂದಲ್ಲ, ಯಾವುದನ್ನು ಕದಲಿಸಬಾರದೆಂದು. ಫರ್ಡಿನೆಂಡನನ್ನು ಕುಳಿತಲ್ಲಿಯೇ ಬಿಟ್ಟ ವಿವೇಕದಿಂದಲೇ ಆ ಎಂಟು ನಿಮಿಷಗಳು ಇಂದಿಗೂ ನಮ್ಮನ್ನು ನಗಿಸುತ್ತಿವೆ.