ಗಲ್ಲಿಯ ಶೃಂಗಾರದಲ್ಲಿ ನಮ್ಮ ಪಾಲು

(ಮುಂಬಯಿಯ ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಗಣೇಶ ಚತುರ್ಥಿಗೆ ಇನ್ನು ಆರೇ ವಾರ ಉಳಿದಿದೆ. ಅದರ ಹಿಂದೆಯೇ ನವರಾತ್ರಿ, ದೀಪಾವಳಿ, ನಮ್ಮ ರಾಜ್ಯೋತ್ಸವ. ಗಲ್ಲಿಯ ಉತ್ಸವ ಮಂಡಳದವರು ರಶೀದಿ ಪುಸ್ತಕ ಹಿಡಿದು ಮಾಳಿಗೆ ಹತ್ತುವ ಮೊದಲೇ, ಈ ವರ್ಷ ನಾವು ಮಾಡತಕ್ಕದ್ದೇನು ಎಂಬುದನ್ನು ಕುಳಿತು ಮಾತಾಡಿಕೊಳ್ಳಬೇಕೆಂದು ಸಮಿತಿಗೆ ತೋರಿತು. ಸದಸ್ಯರಿಂದ ಎರಡು ಸೂಚನೆಗಳು ಬಂದಿವೆ. ಕನ್ನಡಿಗರು ಬೇರೆಯೇ ಮಂಟಪ ಹಾಕಿ ಬೇರೆಯೇ ಗಣಪತಿಯನ್ನು ಕೂರಿಸೋಣ ಎಂಬುದು ಮೊದಲನೆಯದು. ನಮಗೇಕೆ ಊರ ಉಸಾಬರಿ, ತಲೆಗೆ ಇಷ್ಟೆಂದು ವರ್ಗಣಿ ಕೊಟ್ಟು ಸುಮ್ಮನಿರೋಣ ಎಂಬುದು ಎರಡನೆಯದು. ಎರಡನ್ನೂ ಹೇಳಿದವರು ನಮ್ಮವರೇ, ವಾಚನಾಲಯದ ಮೇಲೆ ಅಭಿಮಾನವುಳ್ಳವರೇ. ಆದರೂ ಎರಡೂ ಸಮಿತಿಗೆ ಒಪ್ಪಿಗೆಯಾಗಲಿಲ್ಲ.

ಬೇರೆ ಮಂಟಪದ ಮಾತನ್ನು ಮೊದಲು ನೋಡೋಣ. ಈ ಊರಿನ ಸಾರ್ವಜನಿಕ ಗಣಪತಿ ಹುಟ್ಟಿದ್ದೇ ಒಂದು ಚಾಳಿನ ಜನ ಒಂದೆಡೆ ಸೇರಲೆಂದು. ಲೋಕಮಾನ್ಯ ತಿಲಕರ ಪ್ರೇರಣೆಯಿಂದ ಮನೆಯೊಳಗಿನ ಗಣಪತಿ ಬೀದಿಗೆ ಬಂದ ಆ ಕಾಲದಲ್ಲಿ, 1893ರಲ್ಲಿ, ಗಿರಗಾಂವದ ಕೇಶವಜಿ ನಾಯಕ ಚಾಳಿನವರು ತಮ್ಮ ಉತ್ಸವವನ್ನು ಆರಂಭಿಸಿದರು. ಅದು ಇಂದಿಗೂ ನಡೆದುಬಂದಿದೆ. ನೋಡಿ ಬಂದವರಿಗೆ ಗೊತ್ತು, ಮೂರ್ತಿ ಇಂದಿಗೂ ಚಿಕ್ಕದೇ. ಲಾಲಬಾಗಿನ ಹೆಸರುವಾಸಿ ಗಣಪತಿಯನ್ನು ಇಂದು ಲಕ್ಷಾಂತರ ಜನ ಸಾಲುನಿಂತು ನೋಡುತ್ತಾರೆ. ಆದರೆ 1934ರಲ್ಲಿ ಅದನ್ನು ಮೊದಲು ಕೂರಿಸಿದವರು ಮೀನು ಮಾರುವವರು, ಚಿಲ್ಲರೆ ವ್ಯಾಪಾರಿಗಳು. ಪೇರು ಚಾಳಿನ ಮಾರುಕಟ್ಟೆ 1932ರಲ್ಲಿ ಮುಚ್ಚಿಹೋಗಿ ಬಯಲಲ್ಲಿ ಕುಳಿತು ಮಾರುತ್ತಿದ್ದ ಜನ, ತಮಗೊಂದು ಸ್ಥಿರವಾದ ಜಾಗ ದೊರೆತರೆ ಗಣಪತಿಯನ್ನು ಕೂರಿಸುತ್ತೇವೆಂದು ಹರಕೆ ಹೊತ್ತಿದ್ದರು. ಜಾಗ ದೊರೆಯಿತು, ಹರಕೆ ಸಂದಿತು. ಸುತ್ತಲಿನ ಗಿರಣಗಾಂವದಲ್ಲಿ ಗಿರಣಿಯ ಪಾಳಿ ಮುಗಿಸಿ ಬಂದ ಕೈಗಳೇ ಬೊಂಬು ಕಟ್ಟಿದವು, ಬಟ್ಟೆ ಹೊದಿಸಿದವು. 1982ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಾಳುಗಳು ಉರುಳಿ ಮುಗಿಲೆತ್ತರದ ಕಟ್ಟಡಗಳೆದ್ದವು. ಆದರೆ ಉತ್ಸವಗಳು ನಿಲ್ಲಲಿಲ್ಲ. ಬಾಗಿಲ ಮುಂದಿನ ಉದ್ದನೆಯ ಪಡಸಾಲೆ ಹೋದ ಕಟ್ಟಡಗಳಲ್ಲಿ ಒಬ್ಬರ ಮುಖ ಒಬ್ಬರು ಕಾಣುವುದು ಈ ಹತ್ತು ದಿನಗಳಲ್ಲೇ.

ಇಂಥ ಕಡೆ ನಾವು ಇಪ್ಪತ್ತು ಹೆಜ್ಜೆಯಾಚೆ ಎರಡನೆಯ ಮಂಟಪ ಹಾಕಿದರೆ ಏನಾದೀತು? ಅದೇ ಬಡ ಗಲ್ಲಿಯಿಂದ ಎರಡು ಸಲ ವರ್ಗಣಿ ಎತ್ತಬೇಕು. ಅವರ ಧ್ವನಿವರ್ಧಕಕ್ಕೆ ನಮ್ಮ ಧ್ವನಿವರ್ಧಕ ಎದುರಾಗಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ಅಕ್ಕಪಕ್ಕ ಕೂತು ಸಂಜೆ ಬೇರೆ ಬೇರೆ ಮಂಟಪಕ್ಕೆ ಹೋಗಬೇಕು. ನೀರಿನ ಸರದಿಗೆ, ಕಾಯಿಲೆ ಕಸಾಲೆಗೆ, ನಡುರಾತ್ರಿ ಹೆರಿಗೆ ನೋವೆದ್ದಾಗ ಟ್ಯಾಕ್ಸಿ ಕರೆಯುವುದಕ್ಕೆ ಆಗುವವರು ಪಕ್ಕದ ಖೋಲಿಯ ಮರಾಠಿ ಕಾಕಾ, ಗುಜರಾತಿ ಬೆನ್. ಹಬ್ಬಕ್ಕೆ ಮಾತ್ರ ಅವರು ಬೇಡವೆಂದರೆ ಅದು ಎಲ್ಲಿಯ ನ್ಯಾಯ?

ಹಾಗಾದರೆ ವರ್ಗಣಿ ಕೊಟ್ಟು ಸುಮ್ಮನಿರೋಣವೇ? ಅದೂ ಕೂಡದು. ಈ ವರ್ಗಣಿಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕಾಗಿದೆ.

ನಮ್ಮ ಸದಸ್ಯರಲ್ಲಿ ಹೊಟೆಲಿನಲ್ಲಿ ದುಡಿಯುವವರು ಬಹಳ. ಬೆಳಗ್ಗೆ ಐದಕ್ಕೆ ಎದ್ದು ಇಡ್ಲಿಯ ಪಾತ್ರೆ ಹತ್ತಿಸುವವನು ರಾತ್ರಿ ಹನ್ನೊಂದಕ್ಕೆ ಬಂದು ಚಾಪೆ ಬಿಡಿಸುತ್ತಾನೆ. ತಿಂಗಳ ಸಂಬಳದಲ್ಲಿ ಊರಿಗೆ ಕಳುಹಿಸಿ ಉಳಿದದ್ದು ಸಾಬೂನಿಗೆ, ಚಹಕ್ಕೆ, ರೈಲಿನ ಪಾಸಿಗೆ. ಇಂಥವನ ಬಾಗಿಲಿಗೆ ನಾಲ್ಕೈದು ಜನ ಒಟ್ಟಾಗಿ ಬರುತ್ತಾರೆ. ರಶೀದಿಯಲ್ಲಿ ಮೊತ್ತ ಮೊದಲೇ ಬರೆದಿರುತ್ತದೆ. ಕಡಿಮೆ ಕೊಡುತ್ತೇನೆಂದರೆ ನಗುತ್ತಾರೆ; ಆ ನಗೆಯಲ್ಲಿ ಬೆದರಿಕೆಯಿಲ್ಲದಿದ್ದರೂ ಅವಮಾನವಿದೆ. ನಮ್ಮ ವಾಚನಾಲಯಕ್ಕೆ ನಿತ್ಯ ಬರುವ ಒಬ್ಬ ತರುಣ ಕಳೆದ ವರ್ಷ ಹಬ್ಬಕ್ಕೆ ಮುಂಚಿನ ಎಂಟು ದಿನ ಖೋಲಿಗೇ ಬರಲಿಲ್ಲ, ಹೊಟೆಲಿನ ಅಟ್ಟದ ಮೇಲೆ ಮಲಗಿದ. ಏಕೆಂದು ಕೇಳಿದ್ದಕ್ಕೆ ಕೆಲಸ ಜಾಸ್ತಿಯೆಂದ. ನಿಜವಾದ ಕಾರಣ ಅವನ ಖೋಲಿಯ ಜತೆಗಾರರಿಂದ ನಮಗೆ ತಿಳಿಯಿತು. ಗಣಪತಿ ಬಂದನೆಂದು ಒಬ್ಬ ಮನುಷ್ಯ ಮನೆ ಬಿಟ್ಟು ಓಡುವಂತಾದರೆ ಆ ಮಂಟಪದ ದೀಪಗಳು ಯಾರಿಗಾಗಿ?

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ನೋಂದಣಿಯಿಲ್ಲದ ಮಂಡಳದವರು ಉತ್ಸವಕ್ಕೆಂದು ಜನರಿಂದ ಹಣ ಕೂಡಿಸಬೇಕಾದರೆ ಈ ರಾಜ್ಯದ 1950ರ ಸಾರ್ವಜನಿಕ ಟ್ರಸ್ಟುಗಳ ಕಾನೂನಿನ 41ಸಿ ಕಲಮಿನ ಮೇರೆಗೆ ಚಾರಿಟಿ ಕಮಿಶನರರ ಕಚೇರಿಯ ಅನುಮತಿ ಪಡೆಯಬೇಕು, ಅನಂತರ ಲೆಕ್ಕ ಒಪ್ಪಿಸಬೇಕು. ಒತ್ತಾಯದಿಂದ ಹಣ ಕೀಳುವ ಅಧಿಕಾರ ಯಾರಿಗೂ ಇಲ್ಲ. ಇದನ್ನು ಹಿಡಿದು ಜಗಳಕ್ಕೆ ಹೊರಡಿರೆಂದು ನಾವು ಹೇಳುತ್ತಿಲ್ಲ. ಮಂಡಳದ ಹಿರಿಯರೊಡನೆ ನಮ್ಮ ಕಾರ್ಯದರ್ಶಿಗಳು ಈಗಾಗಲೇ ಎರಡು ಸಲ ಮಾತಾಡಿದ್ದಾರೆ. ರಶೀದಿಯಲ್ಲಿ ಮೊತ್ತವನ್ನು ಕೊಡುವವರೇ ಹೇಳಬೇಕು, ಬರೆಯುವುದು ಆಮೇಲೆ. ಫೋನಿನಿಂದ ಹಣ ಕಳುಹಿಸಿದವರಿಗೂ ರಶೀದಿ ಸಿಗಬೇಕು. ಜಮಾಖರ್ಚನ್ನು ವಿಸರ್ಜನೆಯ ಮುಂದಿನ ಭಾನುವಾರ ಜಿನೆಯ ಕೆಳಗಿನ ಹಲಗೆಯ ಮೇಲೆ ಅಂಟಿಸಬೇಕು. ಈ ಮೂರಕ್ಕೂ ಅವರು ಒಪ್ಪಿದ್ದಾರೆ. ಒಪ್ಪಿಸಿದ್ದು ನಮ್ಮ ವಾದವಲ್ಲ ಎನ್ನಬೇಕು. ಕಳೆದ ವರ್ಷದ ಲೆಕ್ಕ ಕೇಳಿ ಅವರ ಬೆನ್ನಿಗೆ ಬಿದ್ದಿದ್ದವರು ಅವರ ಮನೆಯ ಹೆಂಗಸರೇ!

ಇನ್ನು ನಾವು ಕೊಡುವುದೇನು? ಕೈ. ಹಣ ಕೊಟ್ಟವನಿಗೆ ರಶೀದಿ ಸಿಗುತ್ತದೆ; ಬೊಂಬು ಹಿಡಿದವನಿಗೆ ಗಲ್ಲಿಯಲ್ಲಿ ಹೆಸರು ಸಿಗುತ್ತದೆ. ಇತ್ತೀಚೆಗೆ ಮಂಟಪದ ಶೃಂಗಾರವನ್ನು ಗುತ್ತಿಗೆಗೆ ಕೊಡುವ ರೂಢಿ ಬಂದಿದೆ. ಗುತ್ತಿಗೆದಾರ ಲಾರಿಯಲ್ಲಿ ಅರಮನೆಯನ್ನು ತಂದು ಇಳಿಸುತ್ತಾನೆ, ಹತ್ತು ದಿನದ ಮೇಲೆ ಅದೇ ಅರಮನೆ ಇನ್ನೊಂದು ಗಲ್ಲಿಗೆ ನವರಾತ್ರಿಗೆಂದು ಹೋಗುತ್ತದೆ. ನೋಡುವುದಕ್ಕೆ ಚೆಂದ, ಅಲ್ಲವೆನ್ನುವುದಿಲ್ಲ. ಆದರೆ ವರ್ಗಣಿಯ ಬಹುಪಾಲು ಹೋಗುವುದು ಅಲ್ಲಿಗೇ. ಹಾಗಾಗಿಯೇ ರಶೀದಿಯ ಮೊತ್ತ ಏರುವುದು, ಹಾಗಾಗಿಯೇ ಹೊಟೆಲಿನ ಹುಡುಗ ಅಟ್ಟದ ಮೇಲೆ ಮಲಗುವುದು. ಥರ್ಮೋಕೋಲಿನ ಮಖರವಂತೂ ಈಗ ಸಲ್ಲದು. 2018ರ ಮಾರ್ಚಿಯಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ಕಿನ ಜೊತೆಗೆ ಅದನ್ನೂ ನಿಷೇಧಿಸಿತು.

ನಮ್ಮ ಕಡೆಯವರಿಗೆ ಇವುಗಳ ಹಂಗೇಕೆ? ಉತ್ತರ ಕನ್ನಡದ ಬಂಧುಗಳು ಗಣಪತಿಯ ನೆತ್ತಿಯ ಮೇಲೆ ಫಲಾವಳಿ ಕಟ್ಟುವುದನ್ನು ಬಲ್ಲರು. ಮರದ ಚೌಕಟ್ಟಿಗೆ ತೆಂಗಿನಕಾಯಿ, ಸೌತೆಕಾಯಿ, ಅಡಕೆಯ ಗೊನೆ, ಮಾವಿನೆಲೆ, ಕಾಡಿನಲ್ಲಿ ದೊರೆತ ಕಾಯಿ ಹೂಗಳನ್ನು ತೂಗಬಿಡುವ ಆ ಸೊಬಗಿಗೆ ಯಾವ ಅರಮನೆ ಸಾಟಿ? ಗೋವೆಯವರು ಇದನ್ನೇ ಮಾಟೋಳಿ ಎನ್ನುತ್ತಾರೆ, ಮಾಲವಣದ ಕಡೆಯವರು ಮಾಟವಿ ಎನ್ನುತ್ತಾರೆ. ನಮ್ಮ ಗಲ್ಲಿಯಲ್ಲಿ ಮಾಲವಣಿಗಳು ಇದ್ದೇ ಇದ್ದಾರೆ. ಅವರೂ ನಾವೂ ಸೇರಿ ಕಟ್ಟಿದರೆ ಇದು ಯಾರದೆಂಬ ತಕರಾರೇ ಏಳದು. ಸಾಮಾನನ್ನು ಒಬ್ಬೊಬ್ಬರು ಒಂದೊಂದು ತಂದರೆ ಸಾಕು. ಒಂದು ಸೌತೆಕಾಯಿ ತಂದವನೂ ಮೇಲೆ ನೋಡಿ, ಅದು ನನ್ನದೆನ್ನಬಹುದು. ಹಬ್ಬ ಮುಗಿದ ಮೇಲೆ ಪ್ರಸಾದವಾಗಿ ಹಂಚಿಯೂ ಬಿಡಬಹುದು. ಥರ್ಮೋಕೋಲನ್ನು ಹಂಚಲಾದೀತೇ?

ವಾಚನಾಲಯದ ಹಳೆಯ ದಿನಪತ್ರಿಕೆಗಳನ್ನು ವರ್ಷಕ್ಕೊಮ್ಮೆ ರದ್ದಿಗೆ ಹಾಕುತ್ತೇವಷ್ಟೆ. ಈ ಸಲ ಅದನ್ನು ಹಾಕದೆ ಮಂಟಪಕ್ಕೆ ಕೊಡುವುದೆಂದು ಸಮಿತಿ ನಿರ್ಣಯಿಸಿದೆ. ನೆನೆಹಾಕಿ, ರುಬ್ಬಿ, ಮೆಂತ್ಯದ ಹಿಟ್ಟು ಬೆರೆಸಿ ಕಂಬದ ತಲೆ, ಕಮಾನು, ಬಳ್ಳಿ ಎಲ್ಲ ಮಾಡಬಹುದು. ಮೊರ ಬುಟ್ಟಿಗಳಿಗೆ ಇದೇ ಮುದ್ದೆ ಬಳಿಯುತ್ತಿದ್ದ ಅಜ್ಜಿಯರನ್ನು ಕಂಡವರು ಇಲ್ಲಿ ಕೆಲವರಾದರೂ ಇರಬೇಕು. ಆದರೆ ಭಾದ್ರಪದವೆಂದರೆ ಮುಂಬಯಿಯಲ್ಲಿ ಮಳೆ ಬಿಟ್ಟಿರುವುದಿಲ್ಲ. ಕಾಗದದ ಕೆಲಸವೆಲ್ಲ ಮಾಡಿನ ಒಳಗಡೆಯೇ ಇರಲಿ. ಚುಕ್ಕಿ ರಂಗೋಲಿಗೆ ನಮ್ಮ ಅಕ್ಕತಂಗಿಯರು ಒಪ್ಪಿದ್ದಾರೆ. ಮರಾಠಿ ಹೆಣ್ಣುಮಕ್ಕಳು ಬಣ್ಣದ ಪುಡಿಯ ಕೆಲಸದಲ್ಲಿ ನಿಪುಣರು, ಒಬ್ಬರಿಂದೊಬ್ಬರು ಕಲಿಯುವುದು ಬೇಕಾದಷ್ಟಿದೆ.

ಹೊತ್ತಿನ ವಿಷಯ. ಕಚೇರಿಯ ಕಾರಕೂನರಿಗೆ ಹಬ್ಬಕ್ಕೆ ರಜೆ, ಹೊಟೆಲಿನವರಿಗೆ ಹಬ್ಬವೆಂದರೆ ದುಪ್ಪಟ್ಟು ಕೆಲಸ. ರಾತ್ರಿ ಎಂಟು ಗಂಟೆಗೆ ಕೆಲಸ ಕರೆದರೆ ಅವರು ಬರುವುದೆಂತು? ಮಧ್ಯಾಹ್ನದ ಊಟದ ಗಿರಾಕಿ ತೀರಿ ಸಂಜೆಯ ತಿಂಡಿಗೆ ಒಲೆ ಹೊತ್ತುವ ನಡುವೆ ಅವರಿಗೆ ಎರಡು ತಾಸು ಬಿಡುವು. ಆದುದರಿಂದ ಮೂರರಿಂದ ಐದರವರೆಗೆ ವಾಚನಾಲಯದ ಹಿಂದಿನ ಕೋಣೆಯನ್ನು ತೆರೆದಿಡುತ್ತೇವೆ. ಕಾರಕೂನರು ರಾತ್ರಿ ಬರಲಿ. ಯಾರು ಎಲ್ಲಿಗೆ ಬಿಟ್ಟರೆಂದು ಹಲಗೆಯ ಮೇಲೆ ಬರೆದಿಟ್ಟರೆ ಮುಂದಿನವರು ಅಲ್ಲಿಂದ ಹಿಡಿಯುತ್ತಾರೆ. ರಾತ್ರಿಯ ಕೆಲಸ ಸದ್ದಿಲ್ಲದೆ ನಡೆಯಬೇಕು. ಧ್ವನಿವರ್ಧಕ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕೂಡದೆಂದು 2000ದ ನಿಯಮವಿದೆ, ಕೆಲವೇ ಹಬ್ಬದ ದಿನಗಳಿಗೆ ಸರಕಾರ ಹನ್ನೆರಡರವರೆಗೆ ಸಡಿಲಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರೂ ನಮ್ಮ ಚಾಳಿನಲ್ಲಿದ್ದಾರೆಂಬುದನ್ನು ನಿಯಮ ಹೇಳುವುದಿಲ್ಲ, ನಾವೇ ನೆನಪಿಟ್ಟುಕೊಳ್ಳಬೇಕು.

ಈಗ ದೀಪಾವಳಿ. ಇಲ್ಲಿ ನಮ್ಮದೇ ಆದ ಒಂದು ಯೋಜನೆಯಿದೆ. ಮಂಗಳೂರು ಉಡುಪಿಯವರು ಗೂಡುದೀಪವೆನ್ನುವುದನ್ನು ಧಾರವಾಡ ಬೆಳಗಾವಿಯವರು ಆಕಾಶಬುಟ್ಟಿ ಎನ್ನುತ್ತಾರೆ, ಮರಾಠಿಗರು ಆಕಾಶಕಂದೀಲು ಎನ್ನುತ್ತಾರೆ. ಮಾಹಿಮಿನಲ್ಲಿ ಇದರ ವ್ಯಾಪಾರಕ್ಕೆಂದೇ ಕಂದೀಲು ಗಲ್ಲಿ ಎಂದು ಹೆಸರಾದ ಓಣಿಯಿದೆ. ಕೊಳ್ಳುವವರು ಅಲ್ಲಿ ಕೊಳ್ಳಲಿ, ಅದೂ ಕೈಕೆಲಸದವರ ಹೊಟ್ಟೆಪಾಡು. ನಮ್ಮ ಚಾಳಿನ ಪ್ರತಿಯೊಂದು ಬಾಗಿಲಿಗೂ ಒಂದೊಂದು ಗೂಡುದೀಪವನ್ನು ವಾಚನಾಲಯದಲ್ಲಿ ನಾವೇ ಕಟ್ಟಿ ತೂಗಿಬಿಡಬೇಕೆಂಬುದು ಯೋಜನೆ. ವರ್ಗಣಿ ಕೊಟ್ಟ ಮನೆ, ಕೊಡದ ಮನೆ ಎಂಬ ಪಟ್ಟಿಯೇ ಇರಕೂಡದು. ಕನ್ನಡದ ಮನೆ, ಮರಾಠಿಯ ಮನೆ ಎಂಬುದೂ ಬೇಡ. ದೀಪಾವಳಿ ಆಚರಿಸದ ನೆರೆಯವರನ್ನು ಮಾತ್ರ ಮೊದಲು ಕೇಳಿ, ಅವರು ಹೂಂ ಎಂದರೆ ಕಟ್ಟೋಣ.

ಕಟ್ಟುವುದು ಕಷ್ಟವಲ್ಲ. ಒಂಬತ್ತು ಇಂಚಿನ ಬಿದಿರಿನ ಕಡ್ಡಿ ಇಪ್ಪತ್ತನಾಲ್ಕು ಬೇಕು. ನಾಲ್ಕು ನಾಲ್ಕು ಕಡ್ಡಿಗಳಿಂದ ಆರು ಚೌಕ ಮಾಡಿ, ಮೂಲೆಗೆ ಮೂಲೆ ಸೇರಿಸಿ ನೂಲಿನಿಂದ ಬಿಗಿದರೆ ನಡುನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ಗಂಟುಗಳು ಒಟ್ಟು ಹನ್ನೆರಡು. ಎತ್ತರ ಒಂದು ಅಡಿಗೆ ತುಸು ಹೆಚ್ಚು. ಮೇಲಿನ ಚೌಕವನ್ನೂ ಕೆಳಗಿನ ಚೌಕವನ್ನೂ ಬರಿದೇ ಬಿಟ್ಟು, ಉಳಿದ ನಾಲ್ಕಕ್ಕೆ ಒಂದು ಬಣ್ಣದ ಗಾಳಿಪಟದ ಕಾಗದ, ತ್ರಿಕೋನಗಳಿಗೆ ಇನ್ನೊಂದು ಬಣ್ಣದ್ದು. ಕೆಳ ಅಂಚಿಗೆ ಝಾಲರಿ. ಅಂಟಿಗೆ ಮೈದಾ ಕುದಿಸಿ ಚಿಟಿಕೆ ಮೈಲುತುತ್ತ ಹಾಕಿದರೆ ಜಿರಲೆ ಮುಟ್ಟುವುದಿಲ್ಲ. ಅದು ವಿಷವಾದುದರಿಂದ ಮಕ್ಕಳ ಕೈಗೆ ಕೊಡಬಾರದು, ಆ ಪಾತ್ರೆ ಅಡಿಗೆಗೆ ಮತ್ತೆ ಬರಬಾರದು. ಒಳಗೆ ಹಣತೆ ಬೇಡ, ಹಳೆಯ ಕಾಯುವ ಬಲ್ಬೂ ಬೇಡ. ಸಣ್ಣ ಎಲ್‌ಇಡಿ ಬಲ್ಬು ಸಾಕು, ಕಾಗದ ಕಾಯುವುದಿಲ್ಲ, ಕರೆಂಟೂ ಕಡಿಮೆ. ತಂತಿಯನ್ನು ಪಡಸಾಲೆಯ ದೀಪದಿಂದ ಕದ್ದೆಳೆಯುವ ಚಾತುರ್ಯವನ್ನು ಯಾರೂ ತೋರಿಸಬಾರದು. ಒಣ ಮರದ ಜಿನೆಯ ಚಾಳಿನಲ್ಲಿ ಒಂದು ಕಿಡಿ ಎಷ್ಟು ದೂರ ಹೋದೀತೆಂಬುದನ್ನು ಹೇಳಬೇಕಾಗಿಲ್ಲ.

ಬಲಿಪಾಡ್ಯಮಿಗೆ ಬಾಗಿಲಲ್ಲಿ ಸಗಣಿಯ ಪಾಂಡವರನ್ನು ಇಡುವ ರೂಢಿ ನಮ್ಮ ಬಡಗಣ ಜಿಲ್ಲೆಗಳಲ್ಲಿದೆ. ಮೂರನೆಯ ಮಾಳಿಗೆಗೆ ಸಗಣಿ ಹೊತ್ತು ತರುವ ಧೈರ್ಯವುಳ್ಳವರು ಮುಂದೆ ಬಂದರೆ ಸಮಿತಿಯ ಅಡ್ಡಿಯಿಲ್ಲ.

ನವೆಂಬರ್ ಒಂದು ಹಲವು ವರ್ಷ ದೀಪಾವಳಿಯ ಆಸುಪಾಸಿನಲ್ಲೇ ಬೀಳುತ್ತದೆ. 1956ರಲ್ಲಿ ಕನ್ನಡ ನಾಡು ಒಂದಾದ, 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದ ಆ ದಿನಕ್ಕೆ ನಾವು ಬೇರೆ ಶೃಂಗಾರಕ್ಕೆ ಖರ್ಚು ಮಾಡಬೇಕಾಗಿಲ್ಲ. ವಾಚನಾಲಯದ ಬಾಗಿಲ ದೀಪಗಳಿಗೆ ಅರಿಸಿನ ಕೆಂಪಿನ ಕಾಗದ ಅಂಟಿಸಿದರೆ ಎರಡೂ ಹಬ್ಬಕ್ಕೆ ಆಯಿತು. ಅಂದು ನೆರೆಯವರನ್ನೂ ಚಹಕ್ಕೆ ಕರೆಯೋಣ.

ಬಿದಿರು ಮುಂದಿನ ಭಾನುವಾರ ಮಧ್ಯಾಹ್ನ ಬರುತ್ತದೆ. ಮೊದಲು ಮಂಟಪಕ್ಕೆ, ಉಳಿದದ್ದನ್ನು ಸೀಳಿ ಗೂಡುದೀಪಕ್ಕೆ. ಚೂರಿ, ಕತ್ತರಿ ಇದ್ದವರು ಹೆಸರು ಗೀಚಿ ತರಬೇಕು, ಹೋದ ಸಲ ಎರಡು ಕತ್ತರಿಗಳು ಅದಲುಬದಲಾಗಿ ಇನ್ನೂ ವಾಪಸು ಹೋಗಿಲ್ಲ. ಸೀಳುವುದು ಬಲ್ಲವರು ಮೂರು ಗಂಟೆಗೆ ಬರಬೇಕಾಗಿ ವಿನಂತಿ. ಕಲಿಯುವವರು ಮೂರೂವರೆಗೆ ಬಂದರೂ ನಡೆದೀತು.