ನಿಂತ ಕಟ್ಟಡದ ಯೋಗಕ್ಷೇಮ

ವಿಶಾಖಪಟ್ಟಣದ ಗಾಜುವಾಕದಲ್ಲಿಯೂ ವಿಜಯವಾಡದಲ್ಲಿಯೂ ನೆಲೆಸಿ ಮನೆಯೊಳಗೆ ಕನ್ನಡವನ್ನು ಕಾಪಾಡಿಕೊಂಡು ಬಂದಿರುವ ಬಂಧುಗಳೆ, ವೃತ್ತಿಯೊಂದನ್ನು ಆರಿಸಿಕೊಳ್ಳುವ ವಯಸ್ಸಿನಲ್ಲಿರುವ ತರುಣತರುಣಿಯರೆ,

ಕಟ್ಟುವವರಿಗೆ ನಮ್ಮ ಸಮಾಜದಲ್ಲಿ ಮೊದಲಿನಿಂದಲೂ ಮನ್ನಣೆಯುಂಟು. ಶಂಕುಸ್ಥಾಪನೆಗೆ ಹೆಸರು ಕೆತ್ತಿದ ಶಿಲೆಯುಂಟು, ಗೃಹಪ್ರವೇಶಕ್ಕೆ ತಳಿರುತೋರಣವುಂಟು. ಆದರೆ ಮೂವತ್ತು ನಲವತ್ತು ವರ್ಷಗಳ ಮಳೆ, ಬಿಸಿಲು, ಗಾಳಿಗಳನ್ನು ಸಹಿಸಿಕೊಂಡು ನಿಂತ ಕಟ್ಟಡದ ಬಳಿಗೆ ಹೋಗಿ, ಅದರ ಕಂಬ, ತೊಲೆ, ತಾರಸಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅಲ್ಲಿ ಬಾಳುವವರಿಗೆ ಇದ್ದ ಸ್ಥಿತಿಯನ್ನು ಇದ್ದಂತೆಯೇ ತಿಳಿಸತಕ್ಕ ಕಟ್ಟಡ ಸಮೀಕ್ಷಕನಿಗೆ ನಾವಿನ್ನೂ ತಕ್ಕ ಸ್ಥಾನವನ್ನು ಕೊಟ್ಟಿಲ್ಲ. ನಿಮ್ಮಲ್ಲಿ ಕೆಲವರಾದರೂ ಈ ವೃತ್ತಿಯನ್ನು ವರಿಸಬೇಕೆಂಬುದೇ ನನ್ನ ಆಶಯ.

ಈ ಮಾತಿಗೆ ಗಾಜುವಾಕಕ್ಕಿಂತ ಯೋಗ್ಯವಾದ ಸ್ಥಳ ದೊರೆಯುವುದು ಕಷ್ಟ. 1971ರ ಜನವರಿಯಲ್ಲಿ ಇಲ್ಲಿನ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆಯಾಗಿ, 1992ರಲ್ಲಿ ಅದು ರಾಷ್ಟ್ರಕ್ಕೆ ಸಮರ್ಪಿತವಾಗುವ ಹೊತ್ತಿಗೆ ಅದರ ಆಸರೆಯಲ್ಲಿ ಬೆಳೆದ ಮನೆ, ಅಂಗಡಿ, ಶಾಲೆಗಳು ಈಗ ನಡುವಯಸ್ಸನ್ನು ದಾಟಿವೆ. ಸಮುದ್ರವೋ ಹತ್ತಿರದಲ್ಲಿಯೇ ಇದೆ. ಅದರ ಗಾಳಿಯಲ್ಲಿರುವ ಲವಣಾಂಶವು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ಒಳಗಿಳಿದು, ಕಬ್ಬಿಣದ ಕಂಬಿಯನ್ನು ಆವರಿಸಿರುವ ರಕ್ಷಣೆಯ ತೆಳುಪದರವನ್ನು ಭೇದಿಸುತ್ತದೆ. ಬಳಿಕ ಹುಟ್ಟುವ ತುಕ್ಕು ಮೂಲದ ಕಬ್ಬಿಣಕ್ಕಿಂತ ಹೆಚ್ಚಿನ ಅವಕಾಶವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಆದಕಾರಣವೇ ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕವಾದ ಐ.ಎಸ್. 456ರ 2000ನೆಯ ಇಸವಿಯ ಆವೃತ್ತಿಯು, ಸೌಮ್ಯ ಪರಿಸರದಲ್ಲಿ ಕಂಬಿಯ ಮೇಲೆ 20 ಮಿಲಿಮೀಟರು ಹೊದಿಕೆ ಸಾಕೆಂದಿದ್ದರೆ, ಕಡಲತೀರದ ಪರಿಸರಕ್ಕೆ 45 ಮಿಲಿಮೀಟರು ಇರತಕ್ಕುದೆಂದು ವಿಧಿಸಿದೆ. ಈ 25 ಮಿಲಿಮೀಟರುಗಳ ವ್ಯತ್ಯಾಸವು ಗಿಲಾವಿನಡಿಯಲ್ಲಿ ಮರೆಯಾಗಿ, ಮನೆಯೊಡೆಯನ ಕಣ್ಣಿಗೆ ಎಂದೂ ಬೀಳುವುದಿಲ್ಲ. ಅದನ್ನು ಕಾಣಬಲ್ಲವನು ಸಮೀಕ್ಷಕನು. ಅವನು ಸುತ್ತಿಗೆಯಿಂದ ತಟ್ಟಿ ಟೊಳ್ಳುದನಿಯನ್ನು ಕೇಳುತ್ತಾನೆ. ಬಿರುಕಿನ ಅಗಲವನ್ನಳೆದು, ಅದು ಬೆಳೆಯುತ್ತಿದೆಯೆ ನಿಂತಿದೆಯೆ ಎಂಬುದನ್ನು ತಿಂಗಳುಗಟ್ಟಲೆ ಗಮನಿಸುತ್ತಾನೆ. ಒಡೆದ ಕಾಂಕ್ರೀಟಿಗೆ ಫಿನಾಲ್ಫ್‌ಥಲೀನ್ ದ್ರಾವಣವನ್ನು ಸಿಂಪಡಿಸಿ, ಗುಲಾಬಿ ಬಣ್ಣ ಮೂಡದ ಭಾಗವು ತನ್ನ ಕ್ಷಾರಗುಣವನ್ನು ಕಳೆದುಕೊಂಡಿದೆಯೆಂದು ಅರಿಯುತ್ತಾನೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ಈ ನಗರದ ಮೇಲೆರಗಿದುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಹಾರಿಹೋದ ತಗಡೂ ಒಡೆದ ಗಾಜೂ ತಮ್ಮ ಹಾನಿಯನ್ನು ತಾವೇ ಹೇಳಿಕೊಳ್ಳುತ್ತವೆ. ತಾರಸಿಯ ಬಿರುಕಿನೊಳಗಿಳಿದ ನೀರು ಹೇಳಿಕೊಳ್ಳುವುದಿಲ್ಲ.

ಅಳತೆಯ ಶಿಸ್ತಿಗೆ ಈ ನೆಲವು ಹೊಸತೇನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ದೇಶವನ್ನಳೆದ ಮಹಾ ತ್ರಿಕೋನಮಿತೀಯ ಸಮೀಕ್ಷೆಯವರು 1841ರಲ್ಲಿ ಬೀದರಿನಲ್ಲಿಯೂ 1862ರಲ್ಲಿ ವಿಶಾಖಪಟ್ಟಣದಲ್ಲಿಯೂ 1868ರಲ್ಲಿ ಬೆಂಗಳೂರಿನಲ್ಲಿಯೂ ಆಧಾರರೇಖೆಗಳನ್ನು ಅಳೆದರು. ಬಿಸಿಲಿಗೆ ಲೋಹವು ಹಿಗ್ಗಿ ಅಳತೆ ತಪ್ಪೀತೆಂಬ ಎಚ್ಚರದಿಂದ, ಹಿತ್ತಾಳೆ ಕಬ್ಬಿಣಗಳ ಹಿಗ್ಗುವಿಕೆಯನ್ನು ಪರಸ್ಪರ ಸರಿದೂಗಿಸುವ ಕೋಲ್ಬಿಯ ಸರಳುಗಳನ್ನು ಅವರು ಬಳಸಿದರು. ನಮ್ಮ ಕನ್ನಡ ನಾಡೂ ಈ ತೆಲುಗು ಕರಾವಳಿಯೂ ಒಂದೇ ತ್ರಿಕೋನಜಾಲದಲ್ಲಿ ಬೆಸೆದುಕೊಂಡ ಆ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ಹರ್ಷವಾಗುತ್ತದೆ. ಭೂಮಾಪನವೂ ಕಟ್ಟಡದ ಸಮೀಕ್ಷೆಯೂ ಬೇರೆ ಬೇರೆ ವಿದ್ಯೆಗಳೆಂಬುದು ನಿಜ. ಆದರೆ ತನ್ನ ಉಪಕರಣವನ್ನೇ ಮೊದಲು ಸಂದೇಹಿಸುವ ಆ ಬುದ್ಧಿ ಎರಡಕ್ಕೂ ಸಮಾನವಾಗಿ ಬೇಕಾದುದು.

ಆ ಎಚ್ಚರವು ಕಟ್ಟುವಾಗಲೂ ಬೇಕು. ಬೆಂಗಳೂರಿನಲ್ಲಿ 1983ರ ಸೆಪ್ಟೆಂಬರ್ 12ರಂದು ಗಂಗಾರಾಮ್ ಕಟ್ಟಡವು ಕುಸಿದು ನೂರಕ್ಕೂ ಮಿಕ್ಕಿ ಜನ ಮಡಿದರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಮತ್ತೊಂದು ಕಟ್ಟಡ ಕುಸಿಯಿತು. ಎರಡೂ ಇನ್ನೂ ನಿರ್ಮಾಣದ ಹಂತದಲ್ಲಿಯೇ ಇದ್ದುವು. ಕಟ್ಟಿಸುವವನಿಗೂ ಕಟ್ಟುವವನಿಗೂ ಹಂಗಿಲ್ಲದ ಮೂರನೆಯ ಕಣ್ಣೊಂದು ಪ್ರತಿಯೊಂದು ಅಂತಸ್ತಿನ ಹಂತದಲ್ಲಿಯೂ ಇರಬೇಕೆಂದು ನಾನು ಒತ್ತಿ ಹೇಳುವುದು ಇಂತಹ ಸಾವುಗಳ ಸ್ಮರಣೆಯಿಂದ.

ಈ ವೃತ್ತಿಯನ್ನು ಸೇರುವ ದಾರಿಯ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಲಂಡನ್ನಿನಲ್ಲಿ ಸಮೀಕ್ಷಕರ ಸಂಸ್ಥೆಯು 1868ರಲ್ಲಿಯೇ ಸ್ಥಾಪಿತವಾಗಿ, ಅಲ್ಲಿ ಇದು ಸ್ವತಂತ್ರ ವೃತ್ತಿಯಾಗಿ ಬೆಳೆದಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿವಿಲ್ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಪದವಿಯ ಬಾಗಿಲಿನಿಂದ ಪ್ರವೇಶಿಸಬೇಕು. ಕೆಲಸವು ಸ್ಟ್ರಕ್ಚರಲ್ ಆಡಿಟ್ ಎಂದೋ ವ್ಯಾಲ್ಯುಯೇಷನ್ ಎಂದೋ ಬೇರೆ ಹೆಸರುಗಳಲ್ಲಿ ಎದುರಾಗುವುದು. ಮೊದಲ ವರ್ಷಗಳಲ್ಲಿ ಸಂಪಾದನೆ ಅಲ್ಪವಾಗಿರಬಹುದು. ಅದಕ್ಕಿಂತ ಕಠಿನವಾದ ಪರೀಕ್ಷೆಯೊಂದಿದೆ: ಮನೆಯನ್ನು ಮಾರಲು ಹೊರಟವನು ಬಿರುಕನ್ನು ವರದಿಯಿಂದ ಬಿಟ್ಟುಬಿಡೆಂದು ವಿನಯದಿಂದಲೇ ಕೇಳುವನು, ಶುಲ್ಕವನ್ನು ಕೊಡತಕ್ಕವನೂ ಅವನೇ ಆಗಿರುವನು. ಆ ಗಳಿಗೆಯಲ್ಲಿ ಬರೆಯಬೇಕಾದುದನ್ನು ಬರೆಯುವ ಧೈರ್ಯವಿಲ್ಲದವರು ಬೇರೊಂದು ಉದ್ಯೋಗವನ್ನು ನೋಡಿಕೊಳ್ಳುವುದು ಲೇಸು.

ಕೊನೆಯದಾಗಿ ಈ ಸಭೆಯ ಮುಂದೆ ಒಂದು ಪ್ರಶ್ನೆಯನ್ನಿಡುತ್ತೇನೆ. ಸಮೀಕ್ಷೆಯ ವರದಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಪರಿಭಾಷೆಯ ಭಾರದಿಂದ ಬಾಗಿ ಹೊರಬೀಳುತ್ತಿವೆ. ಬಿರುಕುಬಿಟ್ಟ ತಾರಸಿಯ ಕೆಳಗೆ ಮಲಗುವ ಗೃಹಿಣಿಗೆ ಅವು ಅರ್ಥವಾಗದಿದ್ದರೆ ನಮ್ಮ ಉಪಕರಣಗಳೆಲ್ಲವೂ ವ್ಯರ್ಥ. ಇಲ್ಲಿ ತೆಲುಗಿನಲ್ಲಿಯೂ ಕನ್ನಡ ನಾಡಿನಲ್ಲಿ ಕನ್ನಡದಲ್ಲಿಯೂ, ಯಾವ ಕೋಣೆಯನ್ನು ಇಂದೇ ತೆರವು ಮಾಡಬೇಕು, ಯಾವುದು ಮಳೆಗಾಲದವರೆಗೆ ತಡೆದೀತು, ದುರಸ್ತಿಗೆ ಎಷ್ಟು ತಗಲೀತು ಎಂಬುದನ್ನು ಒಂದೇ ಪುಟದಲ್ಲಿ ಬರೆದುಕೊಡುವ ಮಾದರಿಯೊಂದನ್ನು ಇಂದಿನ ಮಧ್ಯಾಹ್ನದ ಗೋಷ್ಠಿಯಲ್ಲಿ ಸಿದ್ಧಪಡಿಸಲಾಗುವುದೆ? ಅಧ್ಯಕ್ಷರು ಮೊದಲು ಇದನ್ನೇ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.