ಒಂದು ಕಿಲೋ ಚಕ್ರ
(ನಿಡೋಣಿಯ ಸಭೆಯೊಂದರಲ್ಲಿ ಆಡಿದ ಮಾತು)



ಬಿಳಿಜೋಳ ತೆನೆಗಟ್ಟಿದಾಗ ಅಟ್ಟದ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಹೊಡೆದವರು ಈ ಸಭೆಯಲ್ಲಿದ್ದೀರಿ. ಕಲ್ಲು ದೂರ ಹೋಗುವುದು ಬರಿಯ ತೋಳಿನಿಂದಲ್ಲ, ಬೀಸಿದ ಸುತ್ತಿನಿಂದ ಎಂಬುದನ್ನು ನಿಮಗೆ ನಾವು ಕಲಿಸಬೇಕಾಗಿಲ್ಲ. ಚಕ್ರ ಎಸೆತದ ಗುಟ್ಟೂ ಅದೇ. ಎರಡೂವರೆ ಮೀಟರಿನ ವೃತ್ತದೊಳಗೆ ಒಂದೂವರೆ ಸುತ್ತು ತಿರುಗಿ, ಕಾಲು ಸೊಂಟಗಳ ಬಲವನ್ನೆಲ್ಲ ಕೈಗೆ ತಂದು ಚಕ್ರ ಬಿಡಬೇಕು. ಹೆಂಗಸರ ಚಕ್ರದ ತೂಕ ಒಂದು ಕಿಲೋ. ತುಂಬಿದ ಕೊಡದ ಮುಂದೆ ಅದು ಏನೂ ಅಲ್ಲ.

ಒಲಿಂಪಿಕ್ಸಿನ ಓಟ, ಜಿಗಿತ, ಎಸೆತಗಳಿಗೆ ಹೆಣ್ಣುಮಕ್ಕಳನ್ನು ಬಿಟ್ಟುಕೊಂಡದ್ದೇ 1928ರಲ್ಲಿ, ಅದೂ ಐದೇ ಸ್ಪರ್ಧೆಗಳಿಗೆ. ಪೋಲೆಂಡಿನ ಹಲೀನಾ ಕೊನೊಪಾಟ್ಸ್ಕಾ 39.62 ಮೀಟರ್ ಎಸೆದು ವಿಶ್ವದಾಖಲೆ ಮಾಡಿದಳು. ಅದೇ ಕೂಟದಲ್ಲಿ 800 ಮೀಟರ್ ಓಡಿದವರು ದಣಿದರೆಂದು ದೊಡ್ಡವರು ಆ ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬರಲು 1960 ಆಗಬೇಕಾಯಿತು. ಗಂಡಸರು ಓಡಿ ದಣಿಯುವುದಿಲ್ಲವೇನೋ!

1948ರಲ್ಲಿ ಲಂಡನ್ನಿನಲ್ಲಿ ಗೆದ್ದವಳು ಫ್ರಾನ್ಸಿನ ಮಿಶೆಲಿನ್ ಓಸ್ಟರ್ಮೆಯರ್. ಪಿಯಾನೋ ನುಡಿಸುವುದು ಅವಳ ಕಸುಬು. ಅದೇ ಕೈ ಚಕ್ರವನ್ನೂ ಗುಂಡನ್ನೂ ಎಸೆದು ಎರಡು ಚಿನ್ನ ತಂದಿತು. ಬಲ ಬಂದರೆ ಹೆಣ್ಣಿನ ನಾಜೂಕು ಹೋಗುತ್ತದೆ ಎನ್ನುವವರು ಇದನ್ನು ನೆನಪಿಡಲಿ.

1952ರಲ್ಲಿ ಹೆಲ್ಸಿಂಕಿಗೆ ಸೋವಿಯತ್ ಒಕ್ಕೂಟ ಮೊದಲ ಸಲ ಬಂದಿತು. ಅದರ ಮೊದಲ ಒಲಿಂಪಿಕ್ ಚಿನ್ನ ಗೆದ್ದವಳು ಚಕ್ರ ಎಸೆದ ನೀನಾ ರೊಮಾಶ್ಕೋವಾ: 51.42 ಮೀಟರ್. ಮುಂದಿನ ಎರಡು ಪದಕಗಳೂ ಅವಳ ಜೊತೆಯವರಿಗೇ ಹೋದವು. ನಮ್ಮ ದೇಶದಿಂದ ಅಲ್ಲಿ ಓಡಿದವರು ನೀಲಿಮಾ ಘೋಷ್, ಮೇರಿ ಡಿಸೋಜಾ, ಇಬ್ಬರೇ. ಎಸೆಯುವವರು ಒಬ್ಬರೂ ಇರಲಿಲ್ಲ.

ಆ ನೀನಾಳ ಪಾಡು ಕೇಳಿ. 1956ರಲ್ಲಿ ಲಂಡನ್ನಿನ ಅಂಗಡಿಯಲ್ಲಿ ಐದು ಟೋಪಿ ಕದ್ದಳೆಂದು ಆರೋಪ ಬಂತು. ಬೆಲೆ ಎರಡು ಪೌಂಡೂ ಇಲ್ಲ. ಎರಡು ದೇಶಗಳ ಕ್ರೀಡಾಕೂಟವೇ ರದ್ದಾಯಿತು. ಆಕೆ 1960ರಲ್ಲಿ ರೋಮಿನಲ್ಲಿ 55.10 ಮೀಟರ್ ಎಸೆದು ಮತ್ತೆ ಚಿನ್ನ ಗೆದ್ದಳು. ಆದರೂ ಹೆಸರೆತ್ತಿದರೆ ಜನಕ್ಕೆ ನೆನಪಾಗುವುದು ಟೋಪಿ.

ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತಿದ ಗಂಡಿಗೆ ಹಲಗೆ ಬಾರಿಸುತ್ತೇವೆ, ಹಾಲು ತುಪ್ಪ ಕೊಟ್ಟು ಸಾಕುತ್ತೇವೆ. ಹುಡುಗಿಯೋ ಎಲ್ಲರೂ ಉಂಡ ಮೇಲೆ ಉಳಿದ ರೊಟ್ಟಿ ತಿಂದು, ಕೊಡ ಹೊತ್ತು, ಕಳೆ ಕಿತ್ತು, ಮೈ ನೆರೆದ ದಿನ ಆಟದ ಬಯಲನ್ನೇ ಬಿಡುತ್ತಾಳೆ. ಕೊರತೆ ಇರುವುದು ತೋಳಿನಲ್ಲಲ್ಲ, ತಟ್ಟೆಯಲ್ಲಿ.

2010ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಹರಿಯಾಣದ ಒಕ್ಕಲು ಮನೆತನದ ಕೃಷ್ಣಾ ಪೂನಿಯಾ 61.51 ಮೀಟರ್ ಎಸೆದು ಚಿನ್ನ ಗೆದ್ದಳು. ಬೆಳ್ಳಿ, ಕಂಚು ಕೂಡ ನಮ್ಮ ದೇಶದ ಹೆಣ್ಣುಮಕ್ಕಳಿಗೇ ಬಂದವು. ಕೃಷ್ಣಾ ಆಗ ಮದುವೆಯಾಗಿದ್ದವಳು, ಮಗನ ತಾಯಿ.

ಶಾಲೆಯವರು ಆಟಕ್ಕೆ ಹೆಸರು ಕೇಳಿದಾಗ ನಿಮ್ಮ ಮಗಳ ಹೆಸರನ್ನೂ ಬರೆಸಿರಿ. ಸುಗ್ಗಿ ಬಂತೆಂದು ನಡುವೆ ಬಿಡಿಸಬೇಡಿರಿ.